ಗಾಳಿಮಾತು

ಉತ್ತರ ವೇಲ್ಸಿನಲ್ಲೊಂದು ಸ್ಲೇಟುಗಲ್ಲಿನ ಊರು.
ಪ್ರಾರ್ಥನೆ ನಿಂತುಹೋದ ಚಾಪೆಲ್ಲಿನ ಹಿಂಗೋಣೆಯಲ್ಲಿ
ನಮ್ಮ ರೈಲು.
ಎಂಜಿನ್ನು ಅಂಗೈಯುದ್ದ, ಹಳಿ ಎರಡು ಬೆರಳಗಲ,
ಬೆಟ್ಟವೆಂದರೆ ಹಳೇ ಪತ್ರಿಕೆ, ಮೈದಾಹಿಟ್ಟಿನ ಅಂಟು.
ಹಸಿರು ಕೆರೆದರೆ ಒಳಗೆ ಇನ್ನೂ ಓದಬಹುದು
ಯಾರದೋ ಸಾವಿನ ಸುದ್ದಿ, ಕುರಿಯ ಧಾರಣೆ.

ಮೇಜಿನ ಮೇಲೆ ಊರು, ಮೇಜಿನ ಕೆಳಗೆ ಇದ್ವಾಲ್.
ಮೂವತ್ತೊಂದು ವರ್ಷ ಅಂಗಾತ ಮಲಗಿ
ಬೆಸೆದ ತಂತಿ: ಕೆಂಪು, ಕಪ್ಪು,
ಕೆಂಪು ಮುಗಿದಾಗ ಕಿತ್ತಳೆ, ಕಿತ್ತಳೆಯೂ ಮುಗಿದಾಗ
ಹೆಂಡತಿಯ ಇಸ್ತ್ರಿಪೆಟ್ಟಿಗೆಯ ಬಾಲ.
ಬೆಸುಗೆ ತೊಟ್ಟಿಕ್ಕಿ ಸುಟ್ಟ ಅಂಗಿಗಳ ಲೆಕ್ಕ ಅವನಿಗೇ ಗೊತ್ತು,
ಯಾವ ಗಂಟು ಯಾವ ಕವಲಿಗೆ ಎಂಬುದೂ.
ಒಂದು ಕಾಗದದಲ್ಲಿ ಬರೆದಿಡಪ್ಪಾ ಅಂದರೆ
"ನಾನಿಲ್ಲವೇ ಇಲ್ಲಿ?"
ಕೆಳಗಿನಿಂದ ದನಿ ಬರುತ್ತಿತ್ತು.

ಹೆಲೆದ್ ಮೊದಲು ಬಂದದ್ದು ಅವನ ಕಿವಿಗಾಗಿ.
ಬ್ಯಾಂಗರಿನ ಆಸ್ಪತ್ರೆಯಲ್ಲಿ ಶ್ರವಣಯಂತ್ರ ರಿಪೇರಿ ಅವಳ ಕೆಲಸ;
ಮೇಣ ಒರೆಸಿ, ಬ್ಯಾಟರಿ ಬದಲಿಸಿ, "ಈಗ ಕೇಳಿಸ್ತಾ?" ಎಂದು
ದಿನಕ್ಕೆ ನಲವತ್ತು ಸಲ ಕೇಳುವವಳು.
ಮೇಜಿನಡಿ ಒಮ್ಮೆ ಬಗ್ಗಿ ನೋಡಿ
"ಅಯ್ಯೋ, ಕರುಳು!" ಅಂದಳು.
ಮುಂದಿನ ವಾರ ಮಾತ್ರೆಡಬ್ಬಿಯಲ್ಲಿ ತಂದಳು,
ಸೋಮವಾರದ ಗೂಡಿಗೊಂದು, ಮಂಗಳವಾರಕ್ಕೊಂದು,
ಹೆಬ್ಬೆರಳ ಉಗುರಿನಷ್ಟು ಕರಿಯ ಬಿಲ್ಲೆ.
ನೆತ್ತಿಯಲ್ಲಿ ಹಾವು ಹರಿದಂಥ ಗೆರೆ; ಅದೇ ಅದರ ಕಿವಿಯಂತೆ.
"ತಂತಿ ಬೇಡ. ಇದು ಗಾಳಿಯಲ್ಲೇ ಮಾತಾಡುತ್ತೆ."

"ಗಾಳಿಮಾತು ನಂಬಿ ರೈಲು ಓಡಿಸುವುದೇ?
ತಂತಿಯಾದರೆ ಹಿಡಿದುಕೊಂಡು ಹೋಗಬಹುದು
ತಪ್ಪು ಸಿಕ್ಕುವ ತನಕ.
ಗಾಳಿಗೆ ಯಾವ ತುದಿ?"

ಆದರೂ ಸರಕುಬಂಡಿಯಲ್ಲಿ, ಸ್ಲೇಟು ಚೂರುಗಳ ಅಡಿಯಲ್ಲಿ
ಬಿಲ್ಲೆ ಅಡಗಿತು, ಬ್ಯಾಟರಿ ಮಗ್ಗುಲಾಯಿತು.
ಹಳಿಗಿನ್ನು ವಿದ್ಯುತ್ತಿನ ಹಂಗಿಲ್ಲ. ಹಳಿ ಬರೀ ಹಳಿ.
ಹೆಲೆದ್ ಫೋನಿನ ಗಾಜು ಸವರಿದಳು.
ನಿದ್ದೆಯಲ್ಲಿ ಯಾರೋ ಹೆಸರು ಕರೆದಂತಾಗಿ
ಎಂಜಿನ್ನು ಒಮ್ಮೆ ಬೆಚ್ಚಿ
ಹೊರಟೇಬಿಟ್ಟಿತು.

ಮಂಗಳವಾರಗಳಲ್ಲಿ ಏನೂ ತೊಂದರೆಯಿಲ್ಲ.
ಗುರುವಾರ ಮಾತ್ರ, ಹನ್ನೆರಡೂವರೆ ದಾಟುತ್ತಲೂ
ಸುರಂಗದೊಳಗೆ ಹೋದದ್ದು ಹೊರಗೆ ಬರದು.
ನಾಲ್ಕು ನಿಮಿಷ ಮೂಕ,
ಆಮೇಲೆ ಏನೂ ಆಗದಂತೆ ಈಚೆ ಬಾಯಿಂದ ಹಾಜರು.
ಹೆಲೆದ್ ಬಿಲ್ಲೆ ಬದಲಿಸಿದಳು, ಮತ್ತೆ ಬೆಸೆದಳು,
ಸಾಲು ಸಾಲು ಆಜ್ಞೆಗಳನ್ನು ತಿದ್ದಿ ತಿದ್ದಿ ಕಣ್ಣು ಕೆಂಪಾಯಿತು.
ಇದ್ವಾಲ್ ಒಂದು ಮಾತೂ ಆಡಲಿಲ್ಲ;
ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ
ಸಾವಕಾಶವಾಗಿ ತಿಂದ.

ಪತ್ತೆ ಹಚ್ಚಿದ್ದು ನನ್ನ ಮೂಗು.
(ನಾನು ಸಂಘದ ಖಜಾಂಚಿ, ಯಂತ್ರ ಗಿಂತ್ರ ತಿಳಿಯದವನು.)
ಸುರಂಗ ಆತುಕೊಂಡ ಗೋಡೆಯಾಚೆ ಅಡುಗೆಮನೆ.
ಅಲ್ಲಿ ನೆಸ್ಟಾ, ಗುರುವಾರದ ಊಟದವರಿಗೆ
ಕೌಲ್ ಬಿಸಿಮಾಡುತ್ತಾಳೆ: ಕುರಿಮಾಂಸ, ಲೀಕು, ಆಲೂಗಡ್ಡೆ,
ಹೊಸ ಮೈಕ್ರೋವೇವ್ ಒಲೆಯಲ್ಲಿ, ಮೊದಲ ಪಾತ್ರೆಗೆ ನಾಲ್ಕು ನಿಮಿಷ.
ಬಿಲ್ಲೆ ಪಿಸುಗುಟ್ಟುವ ಶ್ರುತಿಯಲ್ಲೇ
ಒಲೆ ಅರಚುತ್ತದೆ. ಅಷ್ಟೇ.

ತಗಡು ಹೊಡೆಯೋಣ, ಶ್ರುತಿ ಬದಲಿಸೋಣ, ಅಂದಳು ಹೆಲೆದ್.
"ಬೇಡ," ಎಂದ ಇದ್ವಾಲ್; ಕಿವಿಯ ಹಿಂದಿನ ಪೆನ್ಸಿಲ್ ತೆಗೆದು
ವೇಳಾಪಟ್ಟಿಯಲ್ಲಿ ಬರೆದ, ಗುರುವಾರಕ್ಕೆ ಮಾತ್ರ:
ಕೌಲ್ ಹಾಲ್ಟ್. ೧೨.೩೧. ನಾಲ್ಕು ನಿಮಿಷ.
ಆಮೇಲೆ ಸುರಂಗದೊಳಗೆ ಮೊಳಕೈವರೆಗೆ ಕೈ ತೂರಿಸಿ
ಒಂದು ಪ್ಲಾಟ್‌ಫಾರ್ಮು, ಒಂದು ಬೆಂಚು, ಒಂದು ಫಲಕ ನಿಲ್ಲಿಸಿದ.
ಯಾರಿಗೆ ಕಾಣಬೇಕು ಅಲ್ಲಿ?

ಮಾರ್ಚಿಯ ಒಂದು ಗುರುವಾರ, ರೈಲು ನಿಲ್ಲಲಿಲ್ಲ.
ಹೊಕ್ಕ ವೇಗದಲ್ಲೇ ಹೊರಬಂದು ತಿರುವು ಹಿಡಿಯಿತು.
ಹೆಲೆದ್ ಚಪ್ಪಾಳೆ ತಟ್ಟಿದಳು.
ಇದ್ವಾಲ್ ಗಡಿಯಾರ ನೋಡಿದ, ಗೋಡೆ ನೋಡಿದ,
"ನೆಸ್ಟಾ ಬಂದಿಲ್ಲ" ಎನ್ನುತ್ತ
ಕೋಟಿನ ಒಂದೇ ತೋಳು ತೊಟ್ಟು
ಅವಳ ಮನೆಯ ದಿಬ್ಬದ ಕಡೆ ಓಡಿದ.
ನಿಲ್ಲು, ನಾನೂ ಬಂದೆ, ಎಂದು ಹೆಲೆದ್ ಕೂಗುತ್ತಿದ್ದಳು.
ಅವನ ಎರಡೂ ಶ್ರವಣಯಂತ್ರ, ಬ್ಯಾಟರಿ ಬಿಚ್ಚಿಕೊಂಡು,
ಅವಳ ಮುಂದೆ ಮೇಜಿನ ಮೇಲೇ ಇದ್ದವು.