ಎರಡು ಸಾವಿರದ ಕೆಳಗೆ

ಪರೇಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನದೊಂದು ಗಾಜಿನ ಗೂಡು.
ಬಂದವರ ಕಿವಿಗೆ ಕಪ್ಪು ಬಟ್ಟಲು ಕವುಚಿ
ಹೇಳುತ್ತೇನೆ: ಕೇಳಿಸಿದರೆ ಗುಂಡಿ ಒತ್ತಿ,
ಕೇಳಿಸದಿದ್ದರೆ ಸುಮ್ಮನಿರಿ.
ಹನ್ನೊಂದು ವರ್ಷದಿಂದ ಇದೇ ಕೆಲಸ,
ಯಾರು ಎಲ್ಲಿಂದ ಸುಮ್ಮನಾಗುತ್ತಾರೆಂದು ಬರೆದಿಡುವುದು.

ಒಂದು ಮಂಗಳವಾರ ರಾಲ್‌ಸ್ಟನ್ ಕೊರಿಯಾ ಬಂದ.
ಐವತ್ತಾರು. ಕೈಯಲ್ಲಿ ಕರಿಗಟ್ಟಿದ ಬೆಳ್ಳಿಕಡಗ,
ಮರೋಳದ ಶಾಲೆಯೊಂದರಲ್ಲಿ ಗಿಟಾರ್ ಮೇಷ್ಟ್ರು.
ನನಗೆ ಹದಿನಾರಿದ್ದಾಗ, ಅಪ್ಪನಿಗೆ ಟ್ಯೂಷನ್ನೆಂದು ಸುಳ್ಳು ಹೇಳಿ
ರಂಗಭವನದ ಬಯಲಲ್ಲಿ
ಇವನು ಕಿರುಚಿದ್ದಕ್ಕೆ ನಾನೂ ಕಿರುಚಿದ್ದೆ.
ಈಗ ಕಾಗದದ ಮೇಲೆ ಅವನ ಎಡಗಿವಿಯ ಗೆರೆ
ಎರಡು ಸಾವಿರದ ತನಕ ನೆಟ್ಟಗೆ ನಡೆದು
ಅಲ್ಲಿಂದ, ಹಗ್ಗ ಹರಿದ ಕೊಡ.
ಬಲಗಿವಿಗೂ ಅದೇ ಬಾವಿ.
ಸಿಂಬಲ್ಲುಗಳ ಪಕ್ಕ ಇಪ್ಪತ್ತು ವರ್ಷ ನಿಂತಿದ್ದೆ, ಅಂದ,
ತಪ್ಪು ಸ್ಟಾಪಿನಲ್ಲಿ ಬಸ್ಸಿಗೆ ಕಾದವನ ಹಾಗೆ.

ಆಮೇಲೆ ಪದಗಳ ಪರೀಕ್ಷೆ.
ಅಕ್ಕಲಕೋಟೆಯ ಮುದುಕಿಯೊಬ್ಬಳಿಗೆಂದು
ನಾನೇ ಬರೆದ ಕನ್ನಡ ಪಟ್ಟಿ ಮೇಲಿತ್ತು, ನೋಡದೆ ಎತ್ತಿಕೊಂಡೆ.
ಓದತೊಡಗಿದ ಮೇಲೆ ನಿಲ್ಲಿಸಲೂ ಇಲ್ಲ.
ಅರ್ಥ ಬೇಡ, ಕೇಳಿದ್ದನ್ನು ಹೇಳಿ.
ಸಕ್ಕರೆ, ಅಂದೆ.
ಅಕ್ಕರೆ, ಅಂದ.
ಸಂಜೆ.
ಅಂಜೆ.
ಸುಳಿ.
ಉಳಿ.
ಸಿರಿ, ಅಂದೆ, ತುಸು ನಿಧಾನವಾಗಿ.
ಇರಿ, ಅಂದ
ಕನ್ನಡದ ಗಂಧವಿಲ್ಲದ ಆ ಮನುಷ್ಯ ಗಾಜಿನಾಚೆಯಿಂದ,
ಹೊರಟು ನಿಂತ ನೆಂಟರನ್ನು ಊಟಕ್ಕೆ ತಡೆಯುವ ಹಾಗೆ.
ನಾಲ್ಕಕ್ಕೆ ನಾಲ್ಕೂ ತಪ್ಪು.
ಸೊನ್ನೆ ಎಂದು ಬರೆದು ಸಹಿ ಹಾಕಿದೆ.

ಆ ರಾತ್ರಿ ಸೇವ್ರಿಯ ಮನೆಯಲ್ಲಿ
ವರ್ಷಗಳಿಂದ ಕೂಡಿಟ್ಟ ಸದ್ದುಗಳನ್ನು ತೆರೆದು
ಎರಡು ಸಾವಿರದ ಮೇಲಿನದೆಲ್ಲ ಒರೆಸಿಹಾಕಿದೆ.
ಬಳೆ ಹೋಯಿತು. ಕುಕ್ಕರಿನ ಸೀಟಿ, ಚಿಲ್ಲರೆ, ಸೊಳ್ಳೆ.
ಹಲ್ಲಿಯ ಲೊಚಲೊಚ ಹೋಗುವಾಗ ಮಾತ್ರ ಯಾಕೋ ಕಸಿವಿಸಿ.
ಉಳಿದದ್ದು
ಎಣ್ಣೆ ಟ್ಯಾಂಕುಗಳ ಪಂಪಿನ ಗೊರಕೆ,
ರೇ ರೋಡಿನ ಬಳಿ ಕೊನೆಯ ಲೋಕಲ್ಲು ಹಾಯುವಾಗ
ಮಂಚದ ಕಾಲಿಗೆ ಹತ್ತುವ ನಡುಕ,
ಅಮ್ಮನ ಗ್ರೈಂಡರು,
ಇಳಿತದ ಹೊತ್ತಿಗೆ ಕೊಲ್ಲಿಯ ಕೆಸರು ಬಿಡುವ ಗುಳುಕ್.
ಇಷ್ಟಕ್ಕೇ ತಾಳ ಕಟ್ಟಿದೆ,
ಕರೆಂಟು ಹೋದ ಚಾಳಿನಲ್ಲಿ ಮುಂದಿನ ಮೆಟ್ಟಿಲನ್ನು
ಕಾಲು ತಡವುವಷ್ಟು ನಿಧಾನ.
ಎಂಟು ಹಾಡು, ನಲವತ್ತೊಂದು ನಿಮಿಷ,
ಎಲ್ಲ ಒಬ್ಬನ ಕಿವಿಯ ಅಳತೆಗೆ ಹೊಲಿದದ್ದು.

ಎಷ್ಟು ಕತ್ತಲೆಯೇ ಇದು, ಯಾರು ಸತ್ತಿದ್ದಾರೆ?
ಕೇಳಿದಳು ಜೊತೆಯ ವಿದುಲಾ.
ಯಾರೂ ಇಲ್ಲ ಮಾರಾಯ್ತಿ. ಒಬ್ಬರಿಗಾದರೂ
ಪೂರ್ತಿ ಕೇಳಿಸಲಿ ಅಂತ.

ಆರನೆಯದನ್ನು ಹಾಡಲು ಅವನನ್ನೇ ಕರೆದೆ.
ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನು ಆರಿಸಿ,
ಇಬ್ಬರೂ ಬೆವರುತ್ತ ಕೂತೆವು.
ಕಿರುಚಲಾ? ಎಂದು ಕೇಳಿದ, ಅಭ್ಯಾಸಬಲ.
ಬೇಡ ಅಂದೆ. ಅವನದೇ ನಾಲ್ಕು ತಪ್ಪುಗಳನ್ನು ಎದುರಿಗಿಟ್ಟೆ.
ಅಕ್ಕರೆ, ಅಂಜೆ, ಉಳಿ.
ಜಲ್ಲಿ ಹೊತ್ತ ಲಾರಿ ಏರು ಹತ್ತುವ ಗಂಟಲು,
ಕೆಳಗೆ, ಇನ್ನೂ ಕೆಳಗೆ.
ಹನ್ನೆರಡು ಸಲ.

ಹದಿಮೂರನೆಯದಕ್ಕೆ ಮೊದಲು ಕೇಳಿದ,
ಕೊನೆಯ ಪದ ಅವತ್ತು ನಿಜಕ್ಕೂ ಏನಿತ್ತು?
ಉತ್ತರಿಸಲಿಲ್ಲ ನಾನು, ತುಟಿಯಷ್ಟೇ ಆಡಿಸಿದೆ.
ನನ್ನ ಹಲ್ಲುಸಾಲು ಕೂಡುವುದನ್ನು
ಕುರುಡ ಬಾಗಿಲ ಚಿಲಕ ತಡವುವಂತೆ ನೋಡಿದ.
ಹಾಡುತ್ತ ಬಂದು, ಅಲ್ಲಿಗೆ ಮುಟ್ಟಿ,
ಸ್ಸ್ಸಿರಿ
ಅಂದ. ಅಳತೆ ಮೀರಿ. ಒಣಗಿದ ಪೆಟ್ಟಿಗೆಗೆ ಕಡ್ಡಿ ಗೀರಿದಷ್ಟು.
ಪರದೆಯ ಮೇಲೆ ಅಷ್ಟೂ ಕಪ್ಪಿನಲ್ಲಿ
ಒಂದೇ ಒಂದು ಬಿಳಿಗೀರು ಎದ್ದು ಕೂತಿತು.

ಅವನಿಗೆ ಅದು ಕೇಳಿಸಲಿಲ್ಲ.
ಬಂತಾ? ಅಂದ, ನನ್ನ ಮುಖವನ್ನೇ ನೋಡುತ್ತ.

ನಾನು ಗುಂಡಿ ಒತ್ತಿದೆ.