ನೂರಾ ನಲವತ್ತೆಂಟು

ರಿಪ್ಪನ್‌ಪೇಟೆಗೆ ಇನ್ನೆರಡು ಮೈಲಿ ಇರುವಾಗ
ಮೊಯ್ದೀನಬ್ಬನ ಹಿಟ್ಟಿನ ಗಿರಣಿಯ ಪಕ್ಕ
ನಮ್ಮ ಮೆಟಡೋರು ನಿಂತಿದೆ, ಎಡಗಾಲಿಗೆ ಒಂದು ಕಲ್ಲು ಕೊಟ್ಟು.
ಒಳಗೆ ಸಾಗರದ ಪೇಟೆಯ ಎರಡು ಕಿಲೋ ಬಂಗಡೆ,
ನಾಳೆ ತಂಗಿಯ ಮನೆ ಮುಟ್ಟಬೇಕು.
ಫ್ರಿಜ್ಜು ಬೆಚ್ಚಗಿದೆ.

ಇದು ಅಂಗಡಿಯ ಫ್ರಿಜ್ಜಲ್ಲ. ಗೋಕರ್ಣದಲ್ಲಿ
ಜರ್ಮನಿಯವನೊಬ್ಬ ಗಾಡಿ ಮಾರಿ ಊರಿಗೆ ಹೋದಾಗ
ಗುಜರಿಗೆ ಬಂದದ್ದು; ಮೂರು ಸಾವಿರಕ್ಕೆ ನಮ್ಮದಾಯಿತು.
ತಿರುಗಣೆಯ ಸುತ್ತ ಮೂರು ಗುರುತು: ಬೆಂಕಿ, ಬ್ಯಾಟರಿ, ಮಿಂಚು.
ಮೋಟಾರಿಲ್ಲ, ಗುಂಯ್ ಅನ್ನುವುದಿಲ್ಲ.
ಬೆನ್ನು ಕಾಯಿಸಿದರೆ ಹೊಟ್ಟೆಯಲ್ಲಿ ತಂಪು.
ಇದನ್ನು ಕೆರಿಯಪ್ಪನಿಗೆ ನಂಬಿಸಲು ಎರಡು ವರ್ಷ ಹಿಡಿಯಿತು.

"ಗ್ಯಾಸಿಗೆ ಹಾಕಿದ್ರೆ ನಡೀತದಲೆ, ಬಿಡು ಅತ್ಲಾಗೆ,"
ಎಂದ. ಹೊಸನಗರದ ಬಸ್ಸು ಓಡಿಸಿದ ಕಾಲದಿಂದ
ರೇಡಿಯೇಟರಿಗೆ ನೀರು ಹೊಯ್ದೇ
ಎಂಥಾ ರೋಗವನ್ನೂ ವಾಸಿ ಮಾಡಿದವನು.
ಸಿಲಿಂಡರು ಅಲ್ಲಾಡಿಸಿದೆ. ಹಗುರ.
ಅಲ್ಲದೆ, ಒಂದರಲ್ಲಿ ನಡೆದು ಇನ್ನೊಂದರಲ್ಲಿ ನಡೆಯದ್ದನ್ನು
ಹಾಗೇ ಬಿಡಲು ನನಗೆ ಬರುವುದಿಲ್ಲ.

ಶಿವಮೊಗ್ಗದ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ
ಮೂವತ್ತೊಂದು ವರ್ಷ ಅಟೆಂಡರು ನಾನು.
ಸಡಿಲ ತಂತಿ ಬಿಗಿದೆ,
ಮಲಗಿದ ಮುಳ್ಳನ್ನು ಬೆರಳ ತುದಿಯಲ್ಲಿ ತಟ್ಟಿ ಎಬ್ಬಿಸಿದೆ.
ಹುಡುಗರು ರೀಡಿಂಗ್ ಬರೆದರು,
ಮೇಷ್ಟ್ರು ಕೆಂಪು ಶಾಯಿಯಲ್ಲಿ ಸಹಿ ಹಾಕಿದರು.
ನನ್ನ ಸಹಿ ಹಾಜರಿ ಪುಸ್ತಕಕ್ಕೆ ಮಾತ್ರ.
ಬೀಳ್ಕೊಡುಗೆಯ ಶಾಲು ಯಾರಿಗೋ ಕೊಟ್ಟೆ;
ನಾನೇ ಕೊಂಡ ಮೀಟರು ಸೀಟಿನ ಕೆಳಗಿದೆ.

ಮೊದಲು ಮಟ್ಟ. ಓರೆ ನಿಂತರೆ ಇದಕ್ಕೆ ಆಗುವುದಿಲ್ಲ.
ತಟ್ಟೆಯಲ್ಲಿ ನೀರಿಟ್ಟು ನೋಡಿದೆ, ಬಲಕ್ಕೆ ವಾಲಿತು.
ಈ ಸೀಮೆಯಲ್ಲಿ ಮಟ್ಟಸ ನೆಲ ಕೇಳಿದರೆ ಗದ್ದೆ ತೋರಿಸುತ್ತಾರೆ.
ಇನ್ನೊಂದು ಕಲ್ಲು ಕೊಟ್ಟೆವು.
ಫ್ಯೂಸು ಬೆಳಕಿಗೆ ಹಿಡಿದೆ: ತಂತಿ ಇಡಿಯಾಗಿದೆ.
ಪ್ಲಗ್ಗು ಕಿತ್ತು, ಹಿಂದಿನ ಜಾಲರಿ ಬಿಚ್ಚಿ
(ಒಂದು ಜೇಡ, ಹಳೇ ಸಂಸಾರ; ಕಡ್ಡಿಯಲ್ಲಿ ಮೆಲ್ಲಗೆ ಸರಿಸಿದೆ)
ಕಾಯಿಲಿನ ಎರಡು ತುದಿಗೆ ಸೂಜಿ ಮುಟ್ಟಿಸಿದೆ.
ಮುನ್ನೂರಾ ಎರಡು ಓಮ್.
ಇದು ಸತ್ತಿಲ್ಲ.

ಹಾಗಾದರೆ ಬರುವ ದಾರಿ ನೋಡಬೇಕು.
ಗಿರಣಿಯ ಗೋಡೆಯ ಪಾಯಿಂಟಿಗೆ ಸೂಜಿ ಇಟ್ಟೆ.
ಒಳಗೆ ಬೆಲ್ಟು ಪಟಪಟ, ಅಕ್ಕಿಹಿಟ್ಟಿನ ಬಿಸಿ ವಾಸನೆ.
ನೂರಾ ನಲವತ್ತೆಂಟು.
ಇರಬೇಕಾದ್ದು ಇನ್ನೂರಾ ಮೂವತ್ತು.

"ಅಷ್ಟೇ ಬರೋದು ಅಕ್ಕಾ,"
ಮೊಯ್ದೀನಬ್ಬ ರೆಪ್ಪೆಯ ಹಿಟ್ಟು ಒರೆಸಿಕೊಂಡ,
"ಲೈನಿನ ಕಡೇ ಮನೆ ನಮ್ದು.
ಬಲ್ಬು ಉರೀತದೆ, ಸ್ವಲ್ಪ ನಾಚಿಕೊಂಡು."

ಮೀನು ಕೊಂಡ ಚೀಟಿಯ ಹಿಂದೆ ಲೆಕ್ಕ ಹಾಕಿದೆ.
ವೋಲ್ಟಿನ ವರ್ಗ, ಭಾಗಿಸು ಓಮ್.
ನೂರಾ ಎಪ್ಪತ್ತೈದು ವ್ಯಾಟಿನ ಹಸಿವಿಗೆ
ಎಪ್ಪತ್ತೆರಡು. ಅರ್ಧಹೊಟ್ಟೆಯೂ ಅಲ್ಲ.
ಇದನ್ನು ಕೆಟ್ಟಿದೆ ಅನ್ನುತ್ತಾರೆಯೆ?

ಕಾಯಲು ನನಗೆ ಪುರುಸೊತ್ತಿದೆ, ಮೀನಿಗಿಲ್ಲ.
ಒಂದು ಕಿಲೋ ಮೊಯ್ದೀನಬ್ಬನ ಮನೆಯ ಬಾಣಲೆಗೆ ಹೋಯಿತು,
ಪತ್ತಿರಿಯ ಜೊತೆ ನಮ್ಮ ತಟ್ಟೆಗೂ ಬಂತು.
ಉಳಿದದ್ದರ ಮೇಲೆ ಪೇಟೆಯ ಐಸಿನ ಕೊನೆಯ ಹರಳು.

ಎಂಟೂವರೆಗೆ ಕಡೆಯ ಗಿರಾಕಿ
ತಲೆಯ ಮೇಲೆ ಬಿಸಿ ಚೀಲ ಹೊತ್ತು ಹೊರಟಳು. ಬೆಲ್ಟು ನಿಂತಿತು.
ನೂರಾ ಎಂಬತ್ತು.
ನೂರಾ ತೊಂಬತ್ತೆಂಟು.
ಇನ್ನೂರಾ ಹನ್ನೊಂದು.
ಗಂಟೆಯ ಮೇಲೆ ಕೆರಿಯಪ್ಪನ ಕೈ ಹಿಡಿದು ಫ್ರಿಜ್ಜಿನ ಬೆನ್ನಿಗೆ ಇಟ್ಟೆ.
"ಹೌದಲೆ," ಅಂದ, "ಜ್ವರ ಬಂದಂಗೆ ಐತೆ."
ಕೈ ತೆಗೆಯಲಿಲ್ಲ ಸುಮಾರು ಹೊತ್ತು.

ಬೆಳಗ್ಗೆ ಒಳಗೋಡೆಯ ಮೇಲೆ ಬಿಳಿ.
ಉಗುರಿನಲ್ಲಿ ಕೆರೆದೆ, ನಾಲಗೆಗೆ ಹಚ್ಚಿದೆ.
ನೋಟುಬುಕ್ಕು ತೆಗೆದು ಬರೆದೆ:
ಉದ್ದೇಶ. ಉಪಕರಣ: ಮೀಟರು ಒಂದು, ತಟ್ಟೆ ಒಂದು, ಕಲ್ಲು ಎರಡು.
ಫಲಿತಾಂಶ: ಯಂತ್ರದಲ್ಲಿ ದೋಷವಿಲ್ಲ.
ಕೆಂಪು ಶಾಯಿ ಇರಲಿಲ್ಲ. ಗಿರಣಿಯ ಲೆಕ್ಕದ ನೀಲಿ ಪೆನ್ಸಿಲ್ಲಿನಲ್ಲಿ
ಗುತ್ಯಮ್ಮ ಎಂದು ಸಹಿ ಹಾಕಿದೆ, ಕೆಳಗೆ ತಾರೀಖು.

ಎಂಟಕ್ಕೆ ಬೆಲ್ಟು ಮತ್ತೆ ಶುರುವಾಯಿತು.
ತಿರುಗಣೆಯನ್ನು ಬ್ಯಾಟರಿಗೆ ತಂದು
ಕಲ್ಲು ತೆಗೆದೆವು.