ರಸ್ತೆಯ ಜ್ವರ

ಗೋಪಾಳದ ಕೊನೆಯ ಬಸ್ ಸ್ಟಾಪಿನ ಹತ್ತಿರ
ಕುಕ್ಕರಗಾಲಲ್ಲಿ ಕೂತು, ಡಾಂಬರಿನ ಮೇಲೆ
ಹಿಂಗೈ ಒತ್ತಿ ಹಿಡಿದು ಎಣಿಸುತ್ತೇನೆ:
ಒಂದು, ಎರಡು, ಮೂರು…
ಹಾಲಿನ ಹುಡುಗ ಸೈಕಲ್ ನಿಲ್ಲಿಸಿ ಕೇಳುತ್ತಾನೆ,
"ರಸ್ತೆಗೆ ಜ್ವರ ಬಂದಿದ್ಯಾ ಅಕ್ಕಾ?"

ಬಂದಿತ್ತು. ಹೋದ ವರ್ಷ, ಶಿವರಾತ್ರಿ ಕಳೆದ ವಾರ,
ಹಗಲು ಹತ್ತರ ಬಿಸಿಲಲ್ಲಿ.
ದಿನಕ್ಕೆ ಮೂವತ್ತು ಹಣೆ ಮುಟ್ಟಿ ನೋಡುವ ನರ್ಸು ನಾನು,
ಈ ಒಂದನ್ನು ಮುಟ್ಟಲಿಲ್ಲ.
ನೈಟ್ ಡ್ಯೂಟಿ ಮುಗಿಸಿ ಬಂದವಳೇ ಶೂ ಕಟ್ಟಿ,
ಬಾಳಕನ ಹಗ್ಗ ಸೊಂಟಕ್ಕೆ ಸುತ್ತಿ
ಚಾನಲ್ಲಿನ ಗುಂಟ ಓಡಿಬಿಟ್ಟೆ.

ಸಕ್ಕರೆ ಇದ್ದದ್ದು ನನಗೆ.
ಓಡಿ ಎಂದದ್ದು ನನಗೆ.
ಅವನಿಗೆ ಯಾವ ಡಾಕ್ಟರೂ ಏನೂ ಹೇಳಿರಲಿಲ್ಲ;
ಬಾಳಕದ ಮೆಣಸು ಒಣಹಾಕಿದ ಚಾಪೆಯ ಮೇಲೆ
ತಾನೇ ಬಂದು ಮಲಗಿ ಹೆಸರು ಗಳಿಸಿದವನು,
ನಾನು ಎದ್ದರೆ ಏಳುವವನು, ಓಡಿದರೆ ಓಡುವವನು.
ಸಾಕು ಅನ್ನುವ ಮಾತು
ನಾಯಿಯ ಬಾಯಲ್ಲಿ ಇಲ್ಲ ಕಣ್ರೀ.
ಇಷ್ಟುದ್ದ ನಾಲಿಗೆ ಬಿಟ್ಟದ್ದನ್ನು
ನಗು ಎಂದುಕೊಂಡೆ.

ಮೂರನೇ ಮೋರಿಯ ಹತ್ತಿರ ಹಗ್ಗ ಭಾರವಾಯಿತು.
ತಿರುಗಿದರೆ ನಾಲ್ಕೂ ಕಾಲು ಚೆಲ್ಲಿ ಬಿದ್ದಿದ್ದಾನೆ,
ಒಸಡು ಇಟ್ಟಿಗೆ ಕೆಂಪು, ಪಾದದ ಮೆತ್ತೆ ಸುಲಿದು
ಹಿಂದೆ ಹತ್ತು ಮಾರು ದೂರ
ಸಣ್ಣ ಸಣ್ಣ ಒದ್ದೆ ಗುರುತು.
ಆಗಲೂ ಬಾಲ ಅಲ್ಲಾಡಿಸಿದ,
ತಡವಾಯಿತೆಂದು ತಾನೇ ಕ್ಷಮೆ ಕೇಳುವ ಹಾಗೆ.

ದುಪಟ್ಟಾ ಚಾನಲ್ಲಿಗೆ ಅದ್ದಿ ಹೊಟ್ಟೆಗೆ, ತೊಡೆಸಂದಿಗೆ.
ಆಟೋದ ಜಬೀವುಲ್ಲಾ ಸಾಬರು
ಏನೂ ಕೇಳದೆ ಹತ್ತಿಸಿಕೊಂಡರು,
ಸೀಟಿನ ಹೊಸ ರಗ್ಗು ತೆಗೆಯಲೂ ಇಲ್ಲ.
"ನೂರಾ ಆರು," ಎಂದರು ಡಾಕ್ಟರ್ ಕ್ರಾಸ್ತಾ,
ನನ್ನ ಮುಖ ನೋಡದೆ.
ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ.

ಈಗ ಐದಕ್ಕೇ ಹೊರಡುತ್ತೇವೆ.
ಕಂಬ ಕಂಬಕ್ಕೂ ಮೂಸುವಷ್ಟು ಮೂಸುತ್ತಾನೆ;
ನನ್ನ ವಾಚು ಸಿಟ್ಟಾಗಿ ಗುಂಯ್‌ಗುಡುತ್ತದೆ, ಗುಡಲಿ.
ತಿರುಗಿ ಬಂದು ಮೆಟ್ಟಿಲ ಮೇಲೆ ಕೂತು ತಡಕುತ್ತೇನೆ
ಕಿವಿಯ ಮಡಿಕೆ, ಬೆರಳ ಸಂದು, ಬಾಲದ ಬುಡ.
ಮಂಗನ ಕಾಯಿಲೆಯ ವಾರ್ಡು ಕಂಡವಳಿಗೆ
ಎಳ್ಳಿನಷ್ಟು ಉಣುಗೂ ಸಣ್ಣದಲ್ಲ.
ಸಕ್ಕರೆ? ಇಳಿದಿದೆ, ಸ್ವಲ್ಪ.

…ಐದು, ಆರು, ಏಳು.
ಬೆಳಗಿನ ಜಾವದ ರಸ್ತೆ ತಣ್ಣಗಿರುತ್ತದೆ, ಗೊತ್ತು.
ಆದರೂ.
"ಇಲ್ಲ ಕಣೋ, ನಾರ್ಮಲ್ ಇದೆ."
ಹುಡುಗ ತಾನೂ ಬಗ್ಗಿ ಮುಟ್ಟಿ ನೋಡಿ
ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾನೆ.
ಬಾಳಕನ ಮೂತಿ ಆಗಲೇ
ಅವನ ಹಾಲಿನ ಚೀಲದೊಳಗೆ.